ಅತ್ತೆ ದಾಟಿದ ರಸ್ತೆ

ರಸ್ತೆ ವಿಭಾಗದ ಎಂಜಿನಿಯರ್ ಸಾಹೇಬರಿಗೆ, ದರ್ಜಿ ಅಂಗಡಿಯವಳ ನಮಸ್ಕಾರ.

ರಸ್ತೆ ಅಗಲ ಮಾಡುವ ನಕ್ಷೆ ತೋರಿಸಲು ನೀವು ಕರೆದ ಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ರಂಪ ಮಾಡಿದವಳು ನಾನೇ. ದಾಟುವವರಿಗೆ ಈಗಿರುವ ಇಪ್ಪತ್ತು ಸೆಕೆಂಡೇ ಧಾರಾಳ ಎಂದಿರಿ. ಅಳತೆ ತೆಗೆಯದೆ ನಾನು ಯಾವ ಬಟ್ಟೆಗೂ ಕತ್ತರಿ ಹಾಕುವವಳಲ್ಲ. ಅದಕ್ಕೇ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದ ನಮ್ಮತ್ತೆಯ ಕೈಯನ್ನು ನಿಮ್ಮ ಕೈಯಲ್ಲಿಟ್ಟು, "ದಾಟ್ಸಿ, ನೋಡೋಣ" ಎಂದೆ. ಬೇರೆಯವರಾಗಿದ್ದರೆ ಫೈಲು ಮುಚ್ಚಿ ಹೊರಟುಬಿಡುತ್ತಿದ್ದರು. ನೀವು ಬಂದಿರಿ. ನಡುರಸ್ತೆಯಲ್ಲೇ ದೀಪ ಕೆಂಪಾಯಿತು. ಎರಡೂ ಕಡೆ ಲಾರಿಗಳು ಹಾರ್ನ್ ಹೊಡೆಯುವಾಗ ನೀವು ಅತ್ತೆಯನ್ನು ಹಿಡಿದುಕೊಂಡಿದ್ದಿರೋ, ಅತ್ತೆ ನಿಮ್ಮನ್ನು ಹಿಡಿದುಕೊಂಡಿದ್ದರೋ, ನಮಗಂತೂ ತಿಳಿಯಲಿಲ್ಲ.

ನಿನ್ನೆ ಅಗಲವಾದ ರಸ್ತೆಯಲ್ಲಿ ಹೊಸ ಸಿಗ್ನಲ್ ಶುರುವಾಯಿತು. ಈಗ ಪೂರಾ ಒಂದು ನಿಮಿಷ, ನಡುವೆ ನಿಲ್ಲಲು ಕಟ್ಟೆ ಬೇರೆ. ಇಡೀ ಬೀದಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅತ್ತೆ ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಕೋಲೂರುತ್ತಾ ಆಚೆ ಬದಿ ಮುಟ್ಟಿ, ಈ ಕಡೆ ತಿರುಗಿ ನಿಂತು ಕೂಗಿದರು: "ಇನ್ನೂ ಹಸಿರೇ ಇದ್ಯಲ್ಲೇ! ವಾಪಸ್ ಬರ್ಲಾ?" ನಿಂತಿದ್ದ ಬಸ್ಸಿನೊಳಗಿನವರೂ ಚಪ್ಪಾಳೆ ತಟ್ಟಿದರು.

ಒಂದೇ ಕೋರಿಕೆ. ಮುಂದಿನ ರಸ್ತೆಯ ಸಭೆ ಯಾವತ್ತು ಎಂದು ಬೇಗ ತಿಳಿಸಿ. ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಕೂತಿದ್ದಾರೆ.

ಇಂತಿ,
ಸಿಗ್ನಲ್ ಎದುರಿನ ದರ್ಜಿ