ನೀಲಿ ಮುಳ್ಳುಹೂವಿನ ಜಾಗ

ಮರಿಯಾಗ್ರುಂಡ್
ಆಗಸ್ಟ್ ೧೯

ಪ್ರೀತಿಯ ರಾಡೆಗುಂಡ್ ಅಕ್ಕನಿಗೆ,

ದೇವರ ಶಾಂತಿ ನಿನ್ನೊಂದಿಗಿರಲಿ. ಈಸ್ಟರಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ಹುಲ್ಲು ಕೊಯ್ಲು, ಹಸು ಈದದ್ದು, ನೆಪಕ್ಕೇನು ಬರ. ನಿಜವೆಂದರೆ ಬರೆಯಲು ಕೈ ಏಳಲಿಲ್ಲ. ನಿಮ್ಮ ಮಠದ ಮದರ್ ಅವರ ಮಂಡಿನೋವು ವಾಸಿಯಾಯಿತೇ?

ನಮ್ಮ ಯಜಮಾನ ವಾಲೆಂಟಿನ್‌ನ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣೂ ಹಿಮ ಬೀಳುವತನಕ ಅಷ್ಟೇ ಎಂದು ಕ್ಲಾಗೆನ್‌ಫರ್ಟಿನ ಡಾಕ್ಟರು ಹೇಳಿದ್ದಾರೆ. ಅವನಿಗೆ ಅದಕ್ಕಿಂತ ದೊಡ್ಡ ಚಿಂತೆ ನೀಲಿ ಮುಳ್ಳುಹೂವಿನದು. ಈ ಬೆಟ್ಟದ ಎಲ್ಲ ಹೂಗಳ ಫೋಟೋ ತೆಗೆದವನಿಗೆ ಅದೊಂದು ಮಾತ್ರ ಆರು ಬೇಸಿಗೆ ಹುಡುಕಿದರೂ ಸಿಕ್ಕಿಲ್ಲ. ಚೀಸ್ ಮಾಡುವ ಕಿಲಿಯಾನ್ ಕಾಲೆಳೆದ: "ಆರು ವರ್ಷ ಹುಡುಕಿದ್ರೆ ನಾನು ಎರಡನೇ ಹೆಂಡ್ತೀನೇ ಹುಡುಕ್ತಿದ್ದೆ!"

"ಇರೋ ಒಬ್ಬಳೇ ಇನ್ನೂ ಪೂರ್ತಿ ಸಿಕ್ಕಿಲ್ಲ ಕಣಯ್ಯಾ" ಎಂದ ಇವನು. ನಾನು ತಲೆ ಎತ್ತಲಿಲ್ಲ.

ಜಾಗ ನನಗೆ ಗೊತ್ತಿತ್ತಲ್ಲ, ಅಕ್ಕ. ಹಿರಿಮಗಳು ನೀನು ಮಠ ಸೇರಿದ್ದರಿಂದ ಅಮ್ಮ ಸಾಯುವಾಗ ನನ್ನ ಕಿವಿಯಲ್ಲಿ ಹೇಳಿದ್ದಳು: "ಮರಿಯಮ್ಮನ ಹಬ್ಬದ ಮೂಲಿಕೆ ಗೊಂಚಲಿಗೆ ವರ್ಷಕ್ಕೆ ಒಂದೇ ಹೂ. ಗಂಡಸರಿಗೆ ಹೇಳ್ಬೇಡ, ಕಿತ್ತು ಮಾರಿಬಿಡ್ತಾರೆ." ಹಾಗೇ ಪ್ರತಿ ಆಗಸ್ಟ್ ಹದಿನೈದಕ್ಕೆ ಮೂಲಿಕೆಗಳ ನಡುವೆ ಅದನ್ನು ಅಡಗಿಸಿ, ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತರುತ್ತಿದ್ದೆ.

ಈ ಸಲ ಹಬ್ಬದ ಹಿಂದಿನ ದಿನ ಅಮ್ಮನ ಮಾತು ಮುರಿದೆ. "ಕ್ಯಾಮೆರಾ ತಗೋ, ನಡಿ" ಎಂದೆ.

"ಇಪ್ಪತ್ತಾರು ವರ್ಷ ಜೊತೆಗಿದ್ದೂ ಬಾಯಿ ಬಿಡಲಿಲ್ವಲ್ಲೇ, ಕಳ್ಳಿ!" ಎಂದು ನಗುತ್ತಲೇ ನನ್ನ ಚೀಲದ ಪಟ್ಟಿ ಹಿಡಿದು ಹತ್ತಿದ.

ಅಮ್ಮ ಹೇಳಿದ ಬಂಡೆಯ ಅಡಿಯಲ್ಲಿ ಬರೀ ಜಲ್ಲಿಕಲ್ಲು. ಮೊಣಕಾಲೂರಿ ಬೆರಳಲ್ಲಿ ತಡವಿದ. "ಕಾಡುಮೇಕೆ ತಿಂದಿರ್ಬೇಕು ಬಿಡೇ" ಎಂದವನು ಆ ಕಲ್ಲಿನದೇ ಫೋಟೋ ತೆಗೆದ.

"ಖಾಲಿ ಜಾಗದ್ದು ಯಾಕೋ?"

"ಇಲ್ಲಿತ್ತು ಅನ್ನೋದಾದ್ರೂ ಇರ್ಲಿ."

ಮರಿಯಮ್ಮ ತನ್ನ ಹೊದಿಕೆಯ ಕೆಳಗೆ ನಿನ್ನನ್ನು ಬೆಚ್ಚಗಿಡಲಿ. ಅವನಿಗಾಗಿ ಪ್ರಾರ್ಥಿಸು.

ನಿನ್ನ ತಂಗಿ,
ಹೆಮ್ಮಾ

ಇನ್ನೊಂದು ಮಾತು: ಮೇಕೆ ತಿಂದದ್ದಲ್ಲ, ಅಕ್ಕ. ಹೋದ ವರ್ಷ ಅವನ ಕಣ್ಣು ಮಂಜಾದಾಗ, ಒಂದು ಹೂ ಸಾಲದೆಂದು ಇದ್ದ ಏಳನ್ನೂ ಮರಿಯಮ್ಮನಿಗೆ ಹರಕೆ ಹೊತ್ತೆ. ಮಳೆಗೆ ಮಣ್ಣು ಸಡಿಲವಾಗಿತ್ತು, ಕೀಳುವಾಗ ಬೇರುಸಮೇತ ಬಂದವು. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದು ಆರನ್ನು ಕೆಂಡಕ್ಕೆ ಹಾಕಿ, ಕಣ್ಣಿಗೆ ಒಳ್ಳೆಯದೆಂದು ಆ ಹೊಗೆಯ ಮುಂದೆ ಅವನನ್ನು ಕೂರಿಸಿದ್ದೆ. ಯಾವ ಹೂ ಎಂದು ಅವನು ಕೇಳಲೂ ಇಲ್ಲ. ಬೇರಿನ ಚೂರಾದರೂ ಚಿಗುರಿರಬಹುದೆಂಬ ಆಸೆಯಿಂದ ಈ ಸಲ ಕರೆದೊಯ್ದಿದ್ದೆ. ಏಳನೆಯದು ಅಟ್ಟದಲ್ಲಿ ತಲೆಕೆಳಗಾಗಿ ಒಣಗಿದೆ, ನೀಲಿ ಇನ್ನೂ ಹೋಗಿಲ್ಲ. ತೋರಿಸಿದರೆ ಎಲ್ಲವನ್ನೂ ಹೇಳಬೇಕು. ಏನು ಮಾಡಲಿ? ಹಿಮ ಬೀಳುವ ಮೊದಲೇ ಬರೆ.