ಕಡೇ ಮೂರು ನಾಟಕಗಳು

ದಾವಣಗೆರೆ,
ಗುರುವಾರ, ೬-೧೧-೧೯೫೮

ಚಿರಂಜೀವಿ ತಮ್ಮ ಶಿವಯೋಗಪ್ಪನಿಗೆ ಅಣ್ಣ ಕೆಂಚವೀರಪ್ಪನ ಆಶೀರ್ವಾದ.

ನನ್ನ ಕೈಯಲ್ಲಿ ಕಾಗದ ಬರೆಸಿ ನಿನಗೆ ಏನು ಸಿಗುತ್ತದೋ ಆ ಶಿವನಿಗೇ ಗೊತ್ತು. ಮೂರನೇ ಕ್ಲಾಸಿಗೆ ಸ್ಲೇಟು ಒಗೆದು ಬಂದವನು ನಾನು. ಗೋಡೆಗೆ ಹಚ್ಚುವ ನಾಟಕದ ಬಿಲ್ಲಿನ ದಪ್ಪಕ್ಷರ ಬಿಟ್ಟರೆ ಬೇರೆ ಏನನ್ನೂ ನೆಟ್ಟಗೆ ಓದಿದವನಲ್ಲ. ಇಲ್ಲಿ ಜಾಗ ಸಿಗುತ್ತಿಲ್ಲ ಎಂಬುದನ್ನು ಕಾಟಪ್ಪನಿಗೆ ಬಾಯಲ್ಲಿ ಹೇಳಿ ಬ್ಯಾಡಗಿಗೆ ಕಳಿಸಿದ್ದೆ. ನೀನು ಅವನನ್ನು ಮರುದಿನದ ರೈಲಿಗೇ ವಾಪಸು ಅಟ್ಟಿ, “ಅಣ್ಣ ಬರೆದು ಕಳಿಸಿದ್ರೆ ನಂಬ್ತೀನಿ, ಬಾಯಿಮಾತು ಬ್ಯಾಡ” ಅಂದೆಯಂತೆ. ಪರದೆ ಕಟ್ಟುವವನನ್ನು ಟಪಾಲಿನವನ ಹಾಗೆ ಓಡಾಡಿಸಿದ್ದೀಯ. ಇಗೋ, ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ಕಣ್ಣು ಕಿರಿದು ಮಾಡಿಕೊಂಡು ಓದು.

ನಿನ್ನ ಗಂಟಲು ಹೇಗಿದೆ? ಕಾಟಪ್ಪ ಹೇಳಿದ, ಎರಡನೇ ಅಂಕಕ್ಕೇ ದನಿ ಒಡೆಯುತ್ತದಂತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟು ಇರುವಾಗ ತಣ್ಣೀರು ಕುಡಿದು ಪದ ಹಾಡಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಜ್ಯೇಷ್ಠಮಧು ಕಳಿಸಿದ್ದೇನೆ, ಕಟ್ಟಿ ಇಟ್ಟಿರಬೇಡ, ಅಗಿ. ನನ್ನ ಕಾಲು ಎಂದಿನಂತೆ ಊದಿದೆ. ಅದಕ್ಕೆ ಯಾರೂ ಏನೂ ಮಾಡಲಾರರು, ನೀನು ಕೇಳಬೇಡ.

ಈಗ ಜಾಗದ ವಿಷಯ. ಇದೇ ಹದಿನಾರನೇ ತಾರೀಕು ಭಾನುವಾರ ನೀವು ಬ್ಯಾಡಗಿಯ ಅಂಗಳ ಬಿಡಲೇಬೇಕು. ಅಷ್ಟರೊಳಗೆ ನಮ್ಮ ತಗಡು, ಕಂಬ ಇಳಿಸಲು ಒಂದು ಬಯಲು ಗೊತ್ತಾಗದಿದ್ದರೆ ನಮ್ಮ ನಾಟಕ ಮಂಡಳಿ ಅಲ್ಲಿಗೆ ಮುಗಿಯಿತು. ದೀಪಾವಳಿ ಆದ ಮೇಲೆ ಬಯಲು ಹಿಡಿದು ಕೂತ ಕಂಪನಿ ಕೂತೇ ಇರುತ್ತದೆ, ಜಾಗ ಸಿಗದೆ ನಿಂತ ಕಂಪನಿಗೆ ಯುಗಾದಿಯವರೆಗೆ ಜಾಗವಿಲ್ಲ. ನಟರು ಅಲ್ಲಿಯವರೆಗೆ ಯಾರ ಮುಖ ನೋಡಿಕೊಂಡು ಕಾಯುತ್ತಾರೆ? ನಾಯಕಿ ಪಾತ್ರ ಕಟ್ಟುವ ನೂರ್ಜಹಾನಳಿಗೆ ಹುಬ್ಬಳ್ಳಿ ಕಡೆಯ ಕಂಪನಿಯಿಂದ ಬಾ ಎಂದು ಕಾಗದ ಬಂದಿರುವುದು ನಿನಗೂ ಗೊತ್ತು. ಅವಳು ಹೋದರೆ ಹಾರ್ಮೋನಿಯಂನವನು ಹೋಗುತ್ತಾನೆ. ಅವನ ಹಿಂದೆ ಉಳಿದವರು. ಕಡೆಗೆ ನೀನು, ನಾನು, ಕಾಟಪ್ಪ ಮೂವರು ಸೇರಿ ತಗಡು ಕಾಯಬೇಕು.

ಹನ್ನೆರಡು ದಿನದಿಂದ ಈ ಊದಿದ ಕಾಲಿನಲ್ಲಿ ಸುತ್ತಿದ್ದೇನೆ. ಇಲ್ಲಿ ನಾವು ಹಿಂದೆ ಎರಡು ಸಲ ಆಡಿದ ಹಳೇ ನಾಟಕದ ಮನೆ ಈಗ ಟಾಕೀಸು. ನಿನಗೆ ಚಪ್ಪಾಳೆ ಬಿದ್ದ ರಂಗದ ಮೇಲೆ ಬಿಳೀ ಬಟ್ಟೆ ಬಿಗಿದಿದ್ದಾರೆ. ಕೆ.ಬಿ. ಬಡಾವಣೆ ಪಕ್ಕದ ಬಯಲಿಗೆ ಹೋದರೆ ಅಲ್ಲಿ ಸೈಟಿನ ಕಲ್ಲು ನೆಟ್ಟಾಗಿದೆ, ಒಬ್ಬ ಪಾಯವನ್ನೂ ತೋಡಿಸುತ್ತಿದ್ದಾನೆ. ಮಲೆಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಸಂತೆ ಬಯಲಿನ ತುಂಬ ಭತ್ತದ ಗಾಡಿ ನಿಲ್ಲುವ ಕಾಲವಿದು. “ಸುಗ್ಗಿ ಮುಗೀಲಿ, ಆಮ್ಯಾಲೆ ಬರ್ರಿ, ನಾವೇ ಚಪ್ಪರ ಹಾಕಿಸಿಕೊಡ್ತೀವಿ” ಎಂದರು. ಸುಗ್ಗಿ ಮುಗಿಯುವ ಹೊತ್ತಿಗೆ ನಾವು ಇರುತ್ತೇವೆಯೇ?

ಇನ್ನು ಹತ್ತಿ ಮಾರುಕಟ್ಟೆ ಹತ್ತಿರದ ಬಯಲು. ಅಲ್ಲಿ ಗದಗಿನ ಕಡೆಯ ಕಂಪನಿಯೊಂದು ಶ್ರಾವಣದಿಂದ ಕೂತಿದೆ. ಊರಿನ ಗೋಡೆಗೆಲ್ಲ ಕೆಂಪಕ್ಷರದಲ್ಲಿ “ಕಡೇ ಮೂರು ನಾಟಕಗಳು” ಎಂದು ಬಿಲ್ಲು ಹಚ್ಚಿದ್ದಾರೆ. ನೀನು ಅದನ್ನು ಯಾರಿಂದಲೋ ಕೇಳಿ ಖುಷಿಪಟ್ಟೆಯಂತೆ. ಮೂವತ್ತು ವರ್ಷ ಕಂಪನಿ ಅನ್ನ ತಿಂದವನು ನೀನು, ಬಿಲ್ಲು ನಂಬುತ್ತೀಯ? ಕಡೇ ಮೂರು ಎಂದರೆ ಜನ ಮುಗಿಬೀಳುತ್ತಾರೆ, ಮುಗಿಬಿದ್ದರೆ ಇನ್ನೂ ಮೂರು ಆಡುತ್ತಾರೆ, ಮತ್ತೆ “ಪ್ರೇಕ್ಷಕರ ಒತ್ತಾಯದ ಮೇರೆಗೆ” ಎಂದು ಮೂರು. ನಾವು ಆಡಿಲ್ಲವೇ? ಕಂಪನಿ ಯಾವಾಗ ಏಳುತ್ತದೆ ಎಂದು ತಿಳಿಯಬೇಕಾದರೆ ಗೋಡೆ ನೋಡಬಾರದು, ಕಟ್ಟಿಗೆ ಡಿಪೋ ನೋಡಬೇಕು. ಏಳುವ ಕಂಪನಿ ಒಲೆಗೆ ತಲೆಹೊರೆ ಲೆಕ್ಕದಲ್ಲಿ ಕಟ್ಟಿಗೆ ಕೊಳ್ಳುತ್ತದೆ, ಕೂರುವ ಕಂಪನಿ ಗಾಡಿ ತರಿಸುತ್ತದೆ. ನಾನು ಡಿಪೋದ ಅಂಜಿನವ್ವನ ಹತ್ತಿರ ಹೋಗಿ ಕೇಳಿದೆ. ಆಕೆ ಎಲೆಯಡಿಕೆ ಉಗಿದು, “ನಿನ್ನೆ ತಾನೇ ಎರಡು ಗಾಡಿ ಒಯ್ದಾರ ಕಣಣ್ಣ, ಸಂಕ್ರಾಂತಿ ತನ ಅಲ್ಲಾಡಂಗಿಲ್ಲ ಅವ್ರು. ಕಡೇ ನಾಟ್ಕ ಅಂತ ನಾನೇ ಮೂರು ಸಲ ನೋಡಿ ಬಂದೀನಿ, ಮೂರು ಸಲಾನೂ ಅತ್ತೀನಿ” ಎಂದಳು. ಆದ್ದರಿಂದ ಆ ಬಯಲಿನ ಆಸೆ ಬಿಡು.

ಉಳಿದದ್ದು ಒಂದೇ. ಹೆಸರು ಹೇಳುವ ಮೊದಲೇ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಕಾಣುತ್ತಿದೆ. ಹರಿಹರದಲ್ಲಿ ಮುರುಗೇಶಪ್ಪನ ಅಕ್ಕಿ ಗಿರಣಿ ಹಿಂದಿನ ಬಯಲು. ಹೌದು, ಅದೇ. ಮೂರು ವರ್ಷದ ಹಿಂದೆ ನಿನ್ನ ಹೆಂಡತಿ ಅನ್ನಪೂರ್ಣ ಬಣ್ಣ ಹಚ್ಚಿಕೊಂಡಿದ್ದವಳು ಬಣ್ಣದ ಮನೆಯಲ್ಲೇ ಕುಸಿದು, ಎರಡು ದಿನಕ್ಕೆ ಹೋದ ಜಾಗ. “ಆ ಮಣ್ಣು ಅವಳನ್ನ ತಿಂತು, ಇನ್ನ ನಾನು ಅದನ್ನ ತುಳಿಯಲ್ಲ” ಎಂದು ನೀನು ಹೊಳೆ ದಂಡೆಯಲ್ಲಿ ನಿಂತು ಅಂದಿದ್ದೆ. ನಾನು ಪಕ್ಕದಲ್ಲೇ ಇದ್ದೆ.

ಮೊನ್ನೆ ಮಂಗಳವಾರ ಅಲ್ಲಿಗೆ ಹೋದೆ. ನಮ್ಮ ಕಂಬದ ಕುಳಿಗಳು ಅರ್ಧ ಮುಚ್ಚಿ ಹಾಗೇ ಇವೆ, ಒಂದೊಂದರಲ್ಲಿ ಔಡಲ ಗಿಡ ಎದ್ದಿದೆ. ಮುರುಗೇಶಪ್ಪ ತೌಡಿನ ಧೂಳು ಕೊಡವಿಕೊಂಡು ಬಂದ. “ಬರ್ರಿ, ಕೂಡ್ರಿ ಕೆಂಚವೀರಪ್ಪಾರೆ. ಜಾಗ ಕೊಡಾಕೆ ನಂದೇನೂ ಅಡ್ಡಿ ಇಲ್ಲ. ಆವತ್ತಿಂದ ಇಲ್ಲಿ ಯಾವ ಕಂಪನಿನೂ ಗೂಟ ಹೊಡೆದಿಲ್ಲ. ಬರ್ತಾರೆ, ಯಾರೋ ಆವತ್ತಿನ ಸುದ್ದಿ ಬಾಯಿ ಬಿಡ್ತಾರೆ, ಹೊಳ್ಳಿ ಹೋಗ್ತಾರೆ. ನಿಮ್ಮ ತಮ್ಮಾರು ಬರ್ತಾರಾ? ಮೊದ್ಲು ಅದನ್ನ ಹೇಳ್ರಿ” ಎಂದ. ಕಂಪನಿ ಮಂದಿಯ ಪದ್ಧತಿ ಗಿರಣಿಯವನಿಗೂ ಗೊತ್ತಿದೆ ನೋಡು. ಬಣ್ಣ ಹಚ್ಚಿದವರು ಬಿದ್ದ ಜಾಗದಲ್ಲಿ ಮತ್ತೆ ರಂಗ ಏಳಬೇಕಾದರೆ ಆ ಸತ್ತವರ ಮನೆಯವನೇ ಬಂದು ಮೊದಲ ಕಂಬ ನೆಡಬೇಕು. ಇಲ್ಲದಿದ್ದರೆ ನಮ್ಮ ಒಬ್ಬ ನಟನೂ ಅಲ್ಲಿ ಗೆಜ್ಜೆ ಕಟ್ಟುವುದಿಲ್ಲ. “ನೀವೂ ಮನೆಯೋರೇ ಅಲ್ವೇನ್ರಿ, ನೀವೇ ನೆಟ್ಟುಬಿಡ್ರಿ” ಎಂದ ಮುರುಗೇಶಪ್ಪ. ನಾನು ಒಲ್ಲೆ ಎಂದೆ. “ಯಾಕ?” ಎಂದ. ನಿನ್ನ ಗಿರಣಿ ನೋಡಿಕೋ ಹೋಗು ಎಂದು ರೇಗಿಬಿಟ್ಟೆ. ಅವನು ನಕ್ಕು ಚಹಾ ತರಿಸಿದ. ಒಳ್ಳೆಯವನು, ಅಥವಾ ನನ್ನ ವಯಸ್ಸು ನೋಡಿ ಸಹಿಸಿಕೊಂಡ. ಒಂದು ಸರ್ಕಸ್ಸಿನವರೂ ಆ ಬಯಲು ಕೇಳಿದ್ದಾರಂತೆ. ಅವರಿಗೆ ಇಂಥ ಪದ್ಧತಿ ಇಲ್ಲ. ಬರುವ ಗುರುವಾರ ಹದಿಮೂರರವರೆಗೆ ನಮಗಾಗಿ ಹಿಡಿದಿಟ್ಟಿರುತ್ತೇನೆ, ಆ ಮೇಲೆ ಇಲ್ಲ ಎಂದಿದ್ದಾನೆ. ಲೈಸೆನ್ಸಿನ ಅರ್ಜಿಗೆ ರುಜು ಹಾಕಿ ಬಂದಿದ್ದೇನೆ. ನಿನ್ನನ್ನು ಕೇಳದೆ ಹಾಕಿದೆ ಎಂದು ಕೂಗಾಡಬೇಡ, ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ.

ನಮ್ಮ ಮಂದಿಗೆಲ್ಲ ನನ್ನ ನೆನಪು ಹೇಳು. ನೂರ್ಜಹಾನಳಿಗೆ ಹುಬ್ಬಳ್ಳಿಗೆ ಉತ್ತರ ಬರೆಯುವುದನ್ನು ಒಂದು ವಾರ ತಡೆ ಎಂದು ಹೇಳು. ನಿನಗೆ ಆಯುಷ್ಯ, ಆರೋಗ್ಯ ಕೊಟ್ಟು, ಗಂಟಲನ್ನೂ ಕೊಟ್ಟು ಶಿವ ಕಾಯಲಿ.

ನಿನ್ನ ಅಣ್ಣ,
ಕೆಂಚವೀರಪ್ಪ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಕಾಟಪ್ಪ ಬಾಗಿಲಲ್ಲಿ ನಿಂತು ಒಂದೇ ಸಮ ಕೆಮ್ಮುತ್ತಿದ್ದಾನೆ. ಆದರೂ ಇದನ್ನು ಬರೆಯದೆ ಅಂಟಿಸಲಾರೆ. ನಾನು ಮೊದಲ ಕಂಬ ಮುಟ್ಟಲು ಯಾಕೆ ಒಲ್ಲೆ ಎಂದೆ, ಕೇಳು. ಆವತ್ತು ಹರಿಹರದಲ್ಲಿ ಕಡೇ ಮೂರು ನಾಟಕ ಎಂದು ಬಿಲ್ಲು ಹಚ್ಚಿಸಿದವನು ನಾನು. ನೀನು ಮುಂದಿನ ಕ್ಯಾಂಪಿನ ಲೈಸೆನ್ಸಿಗೆಂದು ಶಿಕಾರಿಪುರಕ್ಕೆ ಹೋಗಿದ್ದೆ. ಅನ್ನಪೂರ್ಣಳಿಗೆ ಎದೆ ಕಟ್ಟಿ ಜ್ವರ ಬಂದಿತ್ತು. ಡಾಕ್ಟರು ಎಂಟು ದಿನ ಮಲಗಲೇಬೇಕು ಎಂದಿದ್ದರು, ನನ್ನ ಎದುರಿಗೇ ಎಂದಿದ್ದರು. ಭಾನುವಾರ ಕಡೇದಲ್ವಾ, ಆಮೇಲೆ ಮಲಗ್ತೀನಿ ಎಂದಳು. ಭಾನುವಾರ ಜನ ಹಿಡಿಸಲಿಲ್ಲ. ನಾನು ಇನ್ನೂ ಮೂರು ಎಂದು ಬಿಲ್ಲು ಹಚ್ಚಿಸಿದೆ, ಅವು ಮುಗಿದ ಮೇಲೆ ಮತ್ತೆ ಮೂರು. ಒಂದು ಬೆಳಗ್ಗೆ ಕಟ್ಟಿಗೆ ಗಾಡಿ ಬಂದು ಒಲೆಯ ಹತ್ತಿರ ನಿಂತಿತು. ಅವಳು ಕಂಬಳಿ ಹೊದ್ದುಕೊಂಡು ಅದನ್ನು ನೋಡಿ, “ಭಾವಾರೆ, ಗಾಡಿ ಯಾಕ ತರಿಸಿದ್ರಿ? ನನ್ನ ಕೈಯಾಗ ಆಗವಲ್ದು” ಎಂದಳು. “ಕಡೇ ಮೂರು ಅಂತ ಗೋಡೆ ಮ್ಯಾಲೆ ಐತೆ, ಓದಾಕೆ ಬರಲ್ವಾ ನಿಂಗೆ?” ಎಂದು ಗದರಿದೆ. ಅವಳು ಮತ್ತೆ ಕೇಳಲಿಲ್ಲ. “ಅಕ್ಕನ ಪಾತ್ರ ನಾನು ಕಟ್ತೀನಿ ಕಾಕಾ, ಮಾತೆಲ್ಲ ಬಾಯಾಗೈತೆ” ಎಂದು ನೂರ್ಜಹಾನ್ ಎರಡು ಸಲ ಕೇಳಿದಳು. ಬಿಲ್ಲಿನಲ್ಲಿ ಅನ್ನಪೂರ್ಣಮ್ಮನ ಹೆಸರಿದೆ, ಜನ ಕಲ್ಲು ಬೀರುತ್ತಾರೆ ಎಂದು ಅವಳ ಬಾಯಿ ಮುಚ್ಚಿಸಿದೆ. ಒಂಬತ್ತನೆಯ ನಾಟಕದ ದಿನ ಅನ್ನಪೂರ್ಣ ಬಿದ್ದಳು. ಜ್ವರ ಮುಚ್ಚಿಟ್ಟು ಅವಳೇ ಹಠ ಮಾಡಿ ಪಾತ್ರ ಕಟ್ಟಿದಳು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ನಂಬದಿದ್ದರೆ ನೂರ್ಜಹಾನಳನ್ನು ಕೇಳು. ಮೂರು ವರ್ಷ ಅವಳು ನನ್ನ ಮರ್ಯಾದೆ ಉಳಿಸಿದ್ದಾಳೆ, ನಿನ್ನ ಎದುರಿಗೆ ಇನ್ನು ಉಳಿಸಬೇಕಾಗಿಲ್ಲ.

ಆ ಮಣ್ಣು ಯಾರನ್ನೂ ತಿನ್ನಲಿಲ್ಲ ಶಿವಯೋಗಿ. ಅದರ ಮೇಲಿನ ಸಿಟ್ಟಿಗೆ ಕಂಪನಿ ಮುಚ್ಚಬೇಡ. ಬಂದು ಕಂಬ ನೆಡು. ನಾನಿರುವ ಕ್ಯಾಂಪಿನಲ್ಲಿ ಇರಲಾರೆ ಎನ್ನುವುದಾದರೆ ಅದನ್ನೂ ಬರೆ, ನಿಮ್ಮ ಲಾರಿ ಹರಿಹರಕ್ಕೆ ಬರುವ ಮೊದಲೇ ನಾನು ಹೊರಟಿರುತ್ತೇನೆ. ಬರುತ್ತೀಯೋ ಇಲ್ಲವೋ, ಬುಧವಾರ ಹನ್ನೆರಡನೇ ತಾರೀಕಿನೊಳಗೆ ನನ್ನ ಕೈಗೆ ಉತ್ತರ ಸೇರಬೇಕು. ಬರೆದೇ ಕಳಿಸು, ಬಾಯಿಮಾತು ಬ್ಯಾಡ.