ತಲೆ ಎಣಿಕೆ

ಡೊಂಬಿವಲಿ, ಸೋಮವಾರ

ಪ್ರೀತಿಯ ಅಮ್ಮಾ,

ನಿನ್ನ ಸೋಮಾರಿ ಮಗಳು ಒಂದೇ ದಿನ ಹದಿನೆಂಟು ಕಿಲೋಮೀಟರ್ ನಡೆದಳು! ನಿನ್ನೆ ರಂಜನ್ ಆಫೀಸಿನವರ ಜೊತೆ ಮುರ್ಬಾಡ್ ಕಡೆ ಟ್ರೆಕ್ಕಿಂಗ್ ಹೋಗಿದ್ದೆವು. ಎಷ್ಟು ಹಸಿರು ಗೊತ್ತಾ!

ಗೈಡ್ ದಿಲೀಪ್ ನಿಂತಲ್ಲೆಲ್ಲ ತಲೆ ಎಣಿಸುತ್ತಿದ್ದರು. ಪ್ರತಿ ಸಲ ರಂಜನ್ ನನ್ನ ಹೆಗಲು ಬಳಸಿ, ನಮ್ಮಿಬ್ಬರ ಪರವಾಗಿ ಮರಾಠಿಯಲ್ಲಿ "ದೋನ್!" ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೂ ಖುಷಿಯೇ.

ಹಳ್ಳದ ಹತ್ತಿರ ನಾನು ಲೇಸ್ ಕಟ್ಟಲು ಕುಳಿತೆ. ಆಚೆ ದಡದಿಂದ ಅವನ ದನಿ ಕೇಳಿಸಿತು: "ದೋನ್!" ಅವನು ತಿರುಗಿಯೂ ನೋಡಲಿಲ್ಲ. ಎಲ್ಲರೂ ಮುಂದೆ ಹೋದರು. ಮೇಲೆಲ್ಲೋ ಮಳೆಯಾಗಿ ನೀರು ಒಮ್ಮೆಲೇ ಏರಿತು. ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಬಂಡೆ ಹತ್ತಿ ಐವತ್ತು ನಿಮಿಷ ಕುಳಿತಿದ್ದೆ.

ಕೊನೆಗೆ ನಾನಿಲ್ಲದ್ದು ಗೊತ್ತಾಗಿ ದಿಲೀಪ್ ಹಗ್ಗ ತಂದು ದಾಟಿಸಿದರು. ರಂಜನ್ ಅತ್ತುಬಿಟ್ಟ, "ಮನೇಲಿ ಹೇಳ್ಬೇಡ ಮಾರಾಯ್ತಿ" ಅಂದ. ಅತ್ತೆಗೆ ಹೇಳಿಲ್ಲ. ಆದರೆ ಮುಂದಿನ ಎಣಿಕೆಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ನಾನು "ಏಕ್" ಎಂದೆ. ಯಾರೂ ನಗಲಿಲ್ಲ.

ಇಲ್ಲಿ ಇರುವುದು ಒಂದೇ ಕೋಣೆ, ಫೋನಿನಲ್ಲಿ ಇದನ್ನೆಲ್ಲ ಹೇಳಲಾಗದು. ಜಗಳವಾಗಿಲ್ಲ ಅಮ್ಮಾ, ಅಪ್ಪನಿಗೆ ಏನೂ ಹೇಳಬೇಡ. ನಾಲ್ಕು ದಿನ ನಿನ್ನ ಪಕ್ಕ ಮಲಗಬೇಕು, ಅಷ್ಟೆ. ಮುಂದಿನ ವಾರ ಗುರುವಾರ ಠಾಣೆಯಲ್ಲಿ ಒಬ್ಬಳೇ ಮತ್ಸ್ಯಗಂಧಾ ರೈಲು ಹತ್ತುತ್ತೇನೆ. ಶುಕ್ರವಾರ ಬೆಳಿಗ್ಗೆ ಉಡುಪಿ.

ನಿನ್ನ
ಅಶ್ಮಿತಾ